ಹಿಂಜರಿತದ ಹೊಣೆ ತೆರಿಗೆಯದೋ, ಸಾಲದ್ದೋ?

2025ರ ಕೇಂದ್ರ ಬಜೆಟ್‌ನಲ್ಲಿ ಹೊಸ ತೆರಿಗೆ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ವಾರ್ಷಿಕ ಆದಾಯಕ್ಕೆ ತೆರಿಗೆ ಕಟ್ಟಬೇಕಿಲ್ಲವೆಂದು ಘೋಷಣೆಯಾದಾಗ, ಮತ್ತೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರಗಳನ್ನು ಬಹುಮಟ್ಟಿಗೆ ಶೇ 5 ಮತ್ತು ಶೇ 18ರ ಎರಡು ಹಂತಗಳಿಗೆ ಇಳಿಸಿದಾಗ, ಬೆಂಗಳೂರಿನ ನನ್ನ ಸ್ನೇಹಿತರ ವಲಯದಲ್ಲಿ ಹಳೆಯ ವಾದವೊಂದು ತಲೆಯೆತ್ತಿತು. ಸರ್ಕಾರ ತೆರಿಗೆ ಇಳಿಸಿ, ನಿಯಮಗಳನ್ನು ಸಡಿಲಿಸಿದಾಗಲೆಲ್ಲ ಕೆಲವೇ ವರ್ಷಗಳಲ್ಲಿ ಆರ್ಥಿಕ ಹಿಂಜರಿತ ಬಂದೇ ಬರುತ್ತದೆ, ಬೇಕಿದ್ದರೆ ಅಮೆರಿಕದ ಚರಿತ್ರೆ ನೋಡಿ ಎಂಬುದು ಆ ವಾದ. ನನ್ನ ಮಟ್ಟಿಗೆ ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಎಂದು ಬಿಡಿಸಿ ನೋಡದಿದ್ದರೆ ಉಳಿದರ್ಧ ನಮ್ಮನ್ನು ದಾರಿ ತಪ್ಪಿಸುತ್ತದೆ.

ಅಮೆರಿಕದ ಉದಾಹರಣೆಗಳು ಮೇಲ್ನೋಟಕ್ಕೆ ಬಲವಾಗಿಯೇ ಇವೆ. 1920ರ ದಶಕದಲ್ಲಿ ಹಣಕಾಸು ಕಾರ್ಯದರ್ಶಿಯಾಗಿದ್ದ ಆಂಡ್ರ್ಯೂ ಮೆಲನ್ ಅವರ ಕಾಲದಲ್ಲಿ ಶೇ 73ರಷ್ಟಿದ್ದ ಗರಿಷ್ಠ ಆದಾಯ ತೆರಿಗೆ ದರ 1925ರ ವೇಳೆಗೆ ಶೇ 25ಕ್ಕೆ ಇಳಿದಿತ್ತು; 1929ರಲ್ಲಿ ಷೇರುಪೇಟೆ ಕುಸಿಯಿತು. 1981ರಲ್ಲಿ ರೊನಾಲ್ಡ್ ರೇಗನ್ ಗರಿಷ್ಠ ದರವನ್ನು ಶೇ 70ರಿಂದ ಶೇ 50ಕ್ಕೆ ಇಳಿಸುವ ಕಾಯ್ದೆಗೆ ಸಹಿ ಹಾಕಿದರು. ಮರುವರ್ಷದ ಕೊನೆಗೆ ನಿರುದ್ಯೋಗ ಶೇ 10.8ಕ್ಕೆ ಮುಟ್ಟಿತು. ಆದರೆ ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದೇ ಕಾರಣವಾಗುವುದಿಲ್ಲ. 1981ರ ಹಿಂಜರಿತ ಶುರುವಾದದ್ದು ಜುಲೈನಲ್ಲಿ, ರೇಗನ್ ಸಹಿ ಬಿದ್ದದ್ದು ಆಗಸ್ಟ್‌ನಲ್ಲಿ. ಹಣದುಬ್ಬರವನ್ನು ಹತ್ತಿಕ್ಕಲು ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಪಾಲ್ ವೋಲ್ಕರ್ ಬಡ್ಡಿದರವನ್ನು ಶೇ 20ರ ಆಸುಪಾಸಿಗೆ ಏರಲು ಬಿಟ್ಟಿದ್ದೇ ಅದರ ನಿಜವಾದ ಮೂಲ. 1964ರಲ್ಲಿಯೂ ಅಲ್ಲಿ ಶೇ 91ರ ಗರಿಷ್ಠ ದರವನ್ನು ಇಳಿಸುವ ಕಾಯ್ದೆ ಬಂದು, ಮರುವರ್ಷ ಅದು ಶೇ 70ಕ್ಕೆ ನಿಂತಿತು. ಆಮೇಲೆ ಆ ದಶಕದ ಕೊನೆಯವರೆಗೂ ಹಿಂಜರಿತವೇ ಬರಲಿಲ್ಲ ಎಂಬುದನ್ನು ಈ ವಾದದವರು ಸಾಮಾನ್ಯವಾಗಿ ಎತ್ತುವುದಿಲ್ಲ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಸ್ವಾತಂತ್ರ್ಯಾನಂತರ, ಕೋವಿಡ್‌ಗೆ ಮೊದಲು, ಭಾರತದ ಒಟ್ಟು ಉತ್ಪನ್ನ ಕುಗ್ಗಿದ ವರ್ಷಗಳು 1957-58, 1965-66, 1972-73 ಮತ್ತು 1979-80. ಆ ನಾಲ್ಕೂ ವರ್ಷಗಳು ಲೈಸೆನ್ಸ್ ರಾಜ್ ಕಾಲದವು. 1970ರ ದಶಕದ ಆರಂಭದಲ್ಲಂತೂ ಸರ್‌ಚಾರ್ಜ್ ಸೇರಿ ಗರಿಷ್ಠ ಆದಾಯ ತೆರಿಗೆ ದರ ಶೇ 97.75 ಇತ್ತು. ಆ ನಾಲ್ಕು ಕುಸಿತಗಳಲ್ಲಿ ತೀವ್ರವಾದದ್ದು 1979-80ರದು. ಬರ ಮತ್ತು ತೈಲ ಬೆಲೆಯೇರಿಕೆ ಒಟ್ಟಿಗೆ ಬಂದ ಆ ವರ್ಷ ಉತ್ಪನ್ನ ಶೇ 5.2ರಷ್ಟು ಕುಗ್ಗಿತು. ತೆರಿಗೆಯನ್ನು ಎತ್ತರದಲ್ಲಿಟ್ಟು, ಪ್ರತಿ ಕಾರ್ಖಾನೆಗೂ ದೆಹಲಿಯ ಅಪ್ಪಣೆ ಬೇಕೆಂದರೂ ಮಳೆ ಕೈಕೊಟ್ಟರೆ ಆರ್ಥಿಕತೆ ನೆಲಕಚ್ಚುತ್ತಿತ್ತು.

ನಿಯಂತ್ರಣ ಸಡಿಲಿಕೆಯ ವಿಚಾರ ಇಷ್ಟು ಸರಳವಲ್ಲ, ಏಕೆಂದರೆ ಆ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಏನನ್ನು ತಯಾರಿಸಬೇಕು, ಎಷ್ಟು ತಯಾರಿಸಬೇಕು, ಯಾವ ಯಂತ್ರವನ್ನು ಆಮದು ಮಾಡಿಕೊಳ್ಳಬಹುದು ಎಂಬುದಕ್ಕೆ ಸರ್ಕಾರದ ಅನುಮತಿ ಬೇಕಿಲ್ಲ ಎನ್ನುವುದು ಒಂದು. ಬೇರೆಯವರ ಹಣವನ್ನು ಸಾಲ ಕೊಡುವ ಸಂಸ್ಥೆಗಳ ಮೇಲಿನ ನಿಗಾ ತೆಗೆಯುವುದು ಇನ್ನೊಂದು. ಮೊದಲನೆಯದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ: ಒಂದು ಕಂಪ್ಯೂಟರ್ ತರಿಸಿಕೊಳ್ಳಲು ದೆಹಲಿಗೆ ಅಲೆಯಬೇಕಿದ್ದ ಸಾಫ್ಟ್‌ವೇರ್ ಉದ್ಯಮ 1991ರ ನಂತರ, ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯ ತೆರಿಗೆ ರಿಯಾಯಿತಿಯನ್ನೂ ಪಡೆದು, ಊರಿನ ಚಹರೆಯನ್ನೇ ಬದಲಾಯಿಸಿತು. ಎರಡನೆಯದು ಹಾಗಲ್ಲ. 1982ರಲ್ಲಿ ಅಮೆರಿಕ ತನ್ನ ಉಳಿತಾಯ ಮತ್ತು ಸಾಲ ಸಂಸ್ಥೆಗಳಿಗೆ ಗೃಹ ಸಾಲವನ್ನು ಮೀರಿ ವಾಣಿಜ್ಯ ಆಸ್ತಿಗಳ ಮೇಲೂ ಧಾರಾಳವಾಗಿ ಸಾಲ ಕೊಡಲು ಅವಕಾಶ ಮಾಡಿಕೊಟ್ಟಿತು. 1986 ಮತ್ತು 1995ರ ನಡುವೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಳುಗಿದವು. ಲಾಭ ಸಂಸ್ಥೆಯದು, ಠೇವಣಿಗೆ ಖಾತ್ರಿ ಸರ್ಕಾರದ್ದು ಎಂದಾದರೆ ಯಾರು ತಾನೆ ಹುಷಾರಾಗಿರುತ್ತಾರೆ? 2000ದಲ್ಲಿ ಅಲ್ಲಿ ಖಾಸಗಿಯಾಗಿ ಕುದುರಿಸಿಕೊಳ್ಳುವ ಡೆರಿವೇಟಿವ್ ಒಪ್ಪಂದಗಳನ್ನು (ಸಾಲ, ಬಡ್ಡಿದರದಂಥ ಇನ್ನೊಂದರ ಏರಿಳಿತದ ಮೇಲೆ ನಿಂತ ಕರಾರುಗಳನ್ನು) ಬಹುಪಾಲು ನಿಯಂತ್ರಣದ ಹೊರಗಿಟ್ಟದ್ದೂ ಅದೇ ಜಾತಿಗೆ ಸೇರಿದ್ದು. 2008ರ ಸೆಪ್ಟೆಂಬರ್ 15ರಂದು ಅಲ್ಲಿನ ದೊಡ್ಡ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯೆದ್ದಾಗ ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬ ಲೆಕ್ಕ ಒಬ್ಬರ ಬಳಿಯೂ ಪೂರ್ತಿಯಾಗಿ ಇರಲಿಲ್ಲ.

ನಮ್ಮಲ್ಲಿಯೂ ಅಂಥದ್ದೇ, ಗಾತ್ರದಲ್ಲಿ ಚಿಕ್ಕದಾದ ಪ್ರಸಂಗವೊಂದು ನಡೆದಿದೆ. ಸುಮಾರು 91,000 ಕೋಟಿ ರೂಪಾಯಿ ಸಾಲ ಹೊತ್ತಿದ್ದ, ಮೂಲಸೌಕರ್ಯಕ್ಕೆ ಹಣ ಒದಗಿಸುವ ಐಎಲ್ ಆ್ಯಂಡ್ ಎಫ್ಎಸ್ ಸಮೂಹ 2018ರಲ್ಲಿ ಕಂತು ಕಟ್ಟಲಾಗದೆ ನಿಂತಿತು. ಆ ಬಳಿಕ ಬ್ಯಾಂಕುಗಳೂ ಮ್ಯೂಚುವಲ್ ಫಂಡ್‌ಗಳೂ ಬ್ಯಾಂಕ್ ಅಲ್ಲದಿದ್ದರೂ ಸಾಲ ಕೊಡುವ ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಹಣ ಕೊಡಲು ಹಿಂಜರಿದವು. ಆ ಕಂಪನಿಗಳ ಸಾಲವನ್ನೇ ನೆಚ್ಚಿಕೊಂಡಿದ್ದ ಬೈಕು, ಲಾರಿಗಳ ಮಾರಾಟ ಕುಸಿಯಿತು. ವಾಹನ ತಯಾರಕರಿಗೆ ಬಿಡಿಭಾಗ ಮಾಡಿಕೊಡುವ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಆರ್ಡರ್‌ಗಳು ತಗ್ಗಿ, ಪಾಳಿಗಳು ಕಡಿಮೆಯಾದವು. ಇದಾದ ಮೇಲೆ, 2019ರ ಸೆಪ್ಟೆಂಬರ್ 20ರಂದು, ಕೇಂದ್ರ ಸರ್ಕಾರ ಕಾರ್ಪೊರೇಟ್ ತೆರಿಗೆಯ ಮೂಲ ದರವನ್ನು ಶೇ 30ರಿಂದ ಶೇ 22ಕ್ಕೆ ಇಳಿಸಿತು. ಇಲ್ಲಿ ತೆರಿಗೆ ಕಡಿತ ಮಂದಗತಿಯ ಮದ್ದಾಗಿ ಬಂತು ಎಂಬ ಅನುಕ್ರಮವನ್ನು ಗಮನಿಸಬೇಕು. ಮದ್ದು ಹಿಡಿಯಲಿಲ್ಲ ಎಂಬುದೂ ನಿಜ. ಕೊಳ್ಳುವವರಿಲ್ಲದ ಹೊತ್ತಿನಲ್ಲಿ ಕಂಪನಿಯ ಲಾಭದ ಮೇಲಿನ ತೆರಿಗೆ ಇಳಿಸಿದರೆ ಅದು ಹಳೆಯ ಸಾಲ ತೀರಿಸಲು ಹೋಗುತ್ತದೆಯೇ ಹೊರತು ಹೊಸ ಯಂತ್ರ ಕೊಳ್ಳಲು ಹೋಗುವುದಿಲ್ಲ. ಸರ್ಕಾರವೇ ಅಂದಾಜಿಸಿದ 1.45 ಲಕ್ಷ ಕೋಟಿ ರೂಪಾಯಿ ವರಮಾನ ನಷ್ಟದಲ್ಲಿ ರಾಜ್ಯಗಳ ಪಾಲೂ ಇತ್ತು. ತೆರಿಗೆ ಕಡಿತದ ಬಗ್ಗೆ ನನಗಿರುವ ತಕರಾರುಗಳೆಲ್ಲ ಇಂಥವು: ಬೊಕ್ಕಸ ಬರಿದಾಗುತ್ತದೆ, ಉಳ್ಳವರಿಗೆ ಹೆಚ್ಚು ದಕ್ಕುತ್ತದೆ, ನಿಜವಾದ ಕಷ್ಟ ಬಂದಾಗ ಖರ್ಚು ಮಾಡಲು ಸರ್ಕಾರದ ಕೈ ಕಟ್ಟಿಹೋಗಿರುತ್ತದೆ. ಇವು ಗಂಭೀರವಾದ ತಕರಾರುಗಳೇ, ಆದರೆ ಹಿಂಜರಿತವನ್ನು ಹುಟ್ಟಿಸುವ ಬಗೆಯವಲ್ಲ.

ತೆರಿಗೆ ಕಡಿತವೇ ನೇರವಾಗಿ ಮಾರುಕಟ್ಟೆಯನ್ನು ಅಲುಗಾಡಿಸಿದ ಒಂದು ನಿದರ್ಶನ ಮಾತ್ರ ಥಟ್ಟನೆ ನೆನಪಾಗುತ್ತದೆ: 2022ರ ಸೆಪ್ಟೆಂಬರ್ 23ರಂದು ಬ್ರಿಟನ್‌ನಲ್ಲಿ ಲಿಜ್ ಟ್ರಸ್ ಸರ್ಕಾರ ಮಂಡಿಸಿದ, ಸುಮಾರು 45 ಶತಕೋಟಿ ಪೌಂಡ್ ತೆರಿಗೆ ಕಡಿತದ ಕಿರು ಬಜೆಟ್. ಸರ್ಕಾರಿ ಬಾಂಡ್‌ಗಳ ಬೆಲೆ ಕುಸಿದು, ಅಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಇಂಗ್ಲೆಂಡ್ ಐದು ದಿನಗಳೊಳಗೆ ಮಧ್ಯಪ್ರವೇಶಿಸಬೇಕಾಯಿತು. ಕೆದಕಿ ನೋಡಿದರೆ ಅಲ್ಲಿಯೂ ಬೆಂಕಿ ಹೊತ್ತಿಕೊಂಡದ್ದು ಪಿಂಚಣಿ ನಿಧಿಗಳು ಬಾಂಡ್‌ಗಳನ್ನು ಒತ್ತೆಯಿಟ್ಟು ಎತ್ತಿದ್ದ ಸಾಲದಲ್ಲಿ.

ಹಾಗಾಗಿ ಜಿಎಸ್‌ಟಿ ಇಳಿದದ್ದು ನನ್ನ ನಿದ್ದೆಗೆಡಿಸಿಲ್ಲ. ನಾನು ಕಣ್ಣಿಡುವುದು ಸಾಲದ ಮೇಲಿನ ನಿಗಾದ ಮೇಲೆ. ಅಡಮಾನವಿಲ್ಲದ ಗ್ರಾಹಕ ಸಾಲಗಳು ಮಿತಿಮೀರಿ ಬೆಳೆಯುತ್ತಿವೆಯೆಂದು 2023ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆ ಸಾಲಗಳಿಗೂ, ಬ್ಯಾಂಕೇತರ ಕಂಪನಿಗಳಿಗೆ ಬ್ಯಾಂಕುಗಳು ಕೊಡುವ ಸಾಲಕ್ಕೂ ಹೆಚ್ಚು ಬಂಡವಾಳ ತೆಗೆದಿಡುವಂತೆ ನಿಯಮ ಬಿಗಿಗೊಳಿಸಿತ್ತು. ಎರಡನೆಯ ಭಾಗವನ್ನು 2025ರ ಫೆಬ್ರುವರಿಯಲ್ಲಿ ಮತ್ತೆ ಸಡಿಲಿಸಿತು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದದ್ದೂ ಅದೇ ತಿಂಗಳಲ್ಲಿ.