ನೈಲಾನ್ ಕಟ್ಟಿದರೆ ಕಾಯಿಲೆ ಹೋಗಲ್ಲ

ಇಂಗ್ಲೆಂಡಿನಲ್ಲಿ ಆರು ವರ್ಷದಿಂದ ಇದ್ದೇನೆ. ರೆಡಿಂಗ್‌ನಲ್ಲಿ ಮನೆ. ಊರಿಂದ ಯಾರೇ ಬಂದರೂ ಸ್ಟೋನ್‌ಹೆಂಜ್‌ಗೆ ಕರೆದುಕೊಂಡು ಹೋಗುವುದು, ಆ ಹಳೇ ಕಲ್ಲುವೃತ್ತದ ಸುತ್ತ ಕಟ್ಟಿದ ಹಗ್ಗದ ಈಚೆ ನಿಲ್ಲಿಸಿ ಫೋಟೋ ತೆಗೆಯುವುದು, ವಾಪಸ್ ಬರುವುದು. ಇಷ್ಟೇ ನನ್ನ ಗೈಡ್ ಕೆಲಸ. ಈ ಮಾರ್ಚಿನಲ್ಲಿ ಸಾಗರದಿಂದ ತಂಗಿ ಬಂದಳು. "ಅಕ್ಕಾ, ಬರೀ ಕಲ್ಲು ನೋಡಿ ಏನು ಮಾಡೋದು? ಈಗಲೂ ಕಲ್ಲಿಗೆ ನಡ್ಕೊಳ್ಳೋ ಜನ ಇದಾರಂತಲ್ಲ, ಅವರು ಹೋಗೋ ಕಡೆ ಹೋಗೋಣ" ಅಂದಳು.

ಇದ್ದಾರೆ. ಅವರು ತಮ್ಮನ್ನು ಪೇಗನ್ ಅಂತ ಕರೆದುಕೊಳ್ಳುತ್ತಾರೆ. ಲ್ಯಾಟಿನ್ನಿನಲ್ಲಿ ಅದಕ್ಕೆ ಹಳ್ಳಿಯವನು ಅಂತ ಅರ್ಥ. ಕ್ರೈಸ್ತರಾಗದೆ ಉಳಿದವರನ್ನು ಚರ್ಚಿನವರು ಹಾಗೆ ಕರೆದು ಹೀಯಾಳಿಸುತ್ತಿದ್ದರು. ಈಗ ಅದೇ ಬೈಗುಳವನ್ನು ಇವರು ಹೆಸರು ಮಾಡಿಕೊಂಡಿದ್ದಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 74,000 ಜನ ಧರ್ಮದ ಜಾಗದಲ್ಲಿ ಇದನ್ನೇ ಬರೆದಿದ್ದಾರೆ. ಇವರಿಗೆ ವರ್ಷಕ್ಕೆ ಎಂಟು ಹಬ್ಬ. ಮಾರ್ಚ್ 20ರ ಆಸುಪಾಸಿನಲ್ಲಿ ಹಗಲು ರಾತ್ರಿ ಸಮ ಆಗುವ ದಿನವೂ ಅದರಲ್ಲಿ ಒಂದು. ಆ ವಾರವೇ ಹೊರಟೆವು.

ಮೊದಲ ಎರಡು ದಿನ ಗ್ಲಾಸ್ಟನ್‌ಬರಿ. ಆ ಊರಿಗೆ ರೈಲ್ವೆ ಸ್ಟೇಷನ್ ಇಲ್ಲ. ನಕ್ಷೆಯಲ್ಲಿ ಹತ್ತಿರ ಕಂಡಿತು ಅಂತ ಕಾಸಲ್ ಕೇರಿಯಲ್ಲಿ ಇಳಿದೆವು. ನನ್ನ ದಡ್ಡತನ. ಅಲ್ಲಿ ಬಸ್ಸಿಲ್ಲ, ಮಳೆ ಇದೆ. ಕೊನೆಗೆ ಟ್ಯಾಕ್ಸಿಗೆ ಸುರಿದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಹೋಗುವುದಾದರೆ ಸುಮ್ನೆ ಬ್ರಿಸ್ಟಲ್‌ಗೆ ಹೋಗಿ, ಅಲ್ಲಿಂದ ವೆಲ್ಸ್ ಅನ್ನುವ ಊರಿನ ಮೇಲೆ ಬರುವ ಬಸ್ಸು ಹಿಡಿಯಿರಿ.

ಊರಿನ ಪೇಟೆಬೀದಿ ನನಗೆ ಹಿಡಿಸಲಿಲ್ಲ. ಹೆಜ್ಜೆಗೊಂದು ಅಂಗಡಿ. ಸ್ಫಟಿಕ, ಊದುಬತ್ತಿ, ಮಂತ್ರದಂಡ, ಜೊತೆಗೆ ನಮ್ಮ ಗಣಪತಿ. ಬುದ್ಧನ ತಲೆಯೂ ಇತ್ತು, ಬರೀ ತಲೆ. ಟಾರ್ ಅನ್ನುವ ಗುಡ್ಡ ಹತ್ತಿದೆವು. 158 ಮೀಟರ್, ನಮ್ಮ ಮಲೆನಾಡಿನವರಿಗೆ ಅದು ದಿಬ್ಬ. ಗಾಳಿ ಮಾತ್ರ ಹೊಡೆದು ಕೆಡವುವ ಹಾಗಿತ್ತು. ಗುಡ್ಡದ ಬುಡದಲ್ಲಿ ಒಂದು ಓಣಿ. ಅದರ ಒಂದು ಕಡೆ ಕಬ್ಬಿಣದಂಶದ ಕೆಂಪು ಬುಗ್ಗೆ, ಇನ್ನೊಂದು ಕಡೆ ಸುಣ್ಣದಂಶದ ಬಿಳಿ ಬುಗ್ಗೆ. ಎರಡಕ್ಕೂ ಹೊರಗೆ ನಲ್ಲಿ ಇದೆ, ಜನ ಕ್ಯಾನು ಹಿಡಿದು ಬರುತ್ತಾರೆ. ಕೆಂಪು ಬುಗ್ಗೆಯ ತೋಟಕ್ಕೆ ಟಿಕೆಟ್. ಚೆನ್ನಾಗಿದೆ, ಆದರೆ ಮದುವೆ ಮನೆಯ ಹಾಗೆ ಜಾಸ್ತಿ ಅಚ್ಚುಕಟ್ಟು. ನನಗೆ ಸೇರಿದ್ದು ಬಿಳಿ ಬುಗ್ಗೆ. 1872ರಲ್ಲಿ ಊರಿಗೆ ನೀರು ಕೊಡೋಕೆ ಕಟ್ಟಿದ ಕಲ್ಲಿನ ಟ್ಯಾಂಕ್ ಮನೆ ಅದು. ನೀರಿನ ಸುಣ್ಣ ಪೈಪಿನೊಳಗೆ ಕಟ್ಟಿಕೊಂಡಿತು, ಕೈಬಿಟ್ಟರು. ಈಗ ಒಳಗೆ ಕರೆಂಟ್ ಇಲ್ಲ, ಮೇಣದಬತ್ತಿ ಅಷ್ಟೇ. ಫೋಟೋ ತೆಗೆಯುವಂತಿಲ್ಲ. ಕತ್ತಲಲ್ಲಿ ನೀರು ಬೀಳುವ ಸದ್ದು, ಕಾಲಡಿ ಒದ್ದೆ ಕಲ್ಲು. ನಮ್ಮ ಹಳೇ ದೇವಸ್ಥಾನಗಳ ಗರ್ಭಗುಡಿ ಪಕ್ಕದ ವಾಸನೆಯೇ. ಸ್ವಯಂಸೇವಕರು ನಡೆಸುವ ಜಾಗ ಆದ್ದರಿಂದ ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತದೆ. ಮೊದಲ ದಿನ ನಾವು ಹೋದಾಗ ಬಾಗಿಲು ಹಾಕಿತ್ತು. ವೇಳೆ ಕೇಳಿಕೊಂಡು ಹೋಗಿ.

ಮೂರನೇ ದಿನದ ಸಲುವಾಗಿಯೇ ಇದನ್ನು ಬರೆಯುತ್ತಿರುವುದು.

ಏವ್‌ಬರಿಗೆ ಸ್ವಿಂಡನ್‌ನಿಂದ ಬಸ್ಸಿದೆ. ಸ್ಟೋನ್‌ಹೆಂಜ್‌ಗಿಂತ ದೊಡ್ಡ ಕಲ್ಲುವೃತ್ತ ಇದು, ಅಡ್ಡಳತೆ 330 ಮೀಟರ್ ಚಿಲ್ಲರೆ. ವೃತ್ತದ ಒಳಗೇ ಹಳ್ಳಿ, ಹಳ್ಳಿಯೊಳಗೆ ಪಬ್ಬು, ನಡುವೆ ಲಾರಿ ಓಡಾಡುವ ರಸ್ತೆ. ಹಗ್ಗ ಇಲ್ಲ, ಟಿಕೆಟ್ ಇಲ್ಲ. ಕಲ್ಲಿನ ನೆರಳಲ್ಲಿ ಕುರಿ ಮಲಗಿರುತ್ತವೆ. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಈ ಕಲ್ಲುಗಳನ್ನು ಊರವರೇ ಒಂದು ಕಾಲದಲ್ಲಿ ಬೆಂಕಿಯಲ್ಲಿ ಕಾಯಿಸಿ, ಮೇಲೆ ತಣ್ಣೀರು ಸುರಿದು ಒಡೆದು ಮನೆ ಕಟ್ಟಿಕೊಂಡರು. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಅನ್ನುವವನು, ಮಾರ್ಮಲೇಡ್ ಮಾರಿದ ಮನೆತನದವನು, ಜಾಗ ಕೊಂಡು, ಹೂತುಹೋಗಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ. ಸಿಗದ ಕಲ್ಲಿನ ಜಾಗದಲ್ಲಿ ಕಾಂಕ್ರೀಟಿನ ಮೋಟು ಕಂಬ ನೆಟ್ಟಿದ್ದಾರೆ. ತಂಗಿ ಒಂದು ಕಲ್ಲನ್ನು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ತನಗೇ ನಗು ಬಂತು. "ಅಭ್ಯಾಸ ಕಣೇ" ಅಂದಳು.

ಅಲ್ಲಿಂದ ಹೊಳೆ ಪಕ್ಕದ ಕಾಲುದಾರಿ. ಬಲಕ್ಕೆ ಸಿಲ್‌ಬರಿ ಹಿಲ್, ಜನ ಕೈಯಾರೆ ಪೇರಿಸಿದ ಮಣ್ಣಿನ ಗುಡ್ಡ. ಹತ್ತಬಾರದು. 1776ರಲ್ಲಿ ನೆತ್ತಿಯಿಂದ ತೋಡಿದ್ದ ಬಾವಿಯಂಥ ಗುಂಡಿ 2000ದಲ್ಲಿ ಕುಸಿದು ಬಾಯಿ ಬಿಟ್ಟಿತ್ತಂತೆ. ದೊಡ್ಡ ರಸ್ತೆ ದಾಟಿ, ಹೊಲದ ಬದುವಿನ ಮೇಲೆ ನಡೆದರೆ ಕೆನೆಟ್ ಹೊಳೆ ಹುಟ್ಟುವ ಜಾಗ, ಸ್ವಾಲೋಹೆಡ್. ಬೇಸಿಗೆ ಕೊನೆಗೆ ಇದು ಒಣಗಿರುತ್ತದೆ. ಮಾರ್ಚಿನಲ್ಲಿ ನೀರಿತ್ತು. ಹೊಳೆಗೆ ಅಡ್ಡ ದೊಡ್ಡ ಕಲ್ಲುಗಳಿವೆ, ಅವುಗಳ ಮೇಲೆ ದಾಟಬೇಕು. ತಂಗಿ ಚಪ್ಪಲಿ ಕೈಯಲ್ಲಿ ಹಿಡಿದು ಮೇಕೆ ಹಾಗೆ ದಾಟಿದಳು. ನಾನು ಹೊಸ ವಾಟರ್‌ಪ್ರೂಫ್ ಶೂ ಹಾಕಿದ್ದೆ. ಮೂರನೇ ಕಲ್ಲಿನ ಮೇಲೆ ಜಾರಿ ಮೊಣಕಾಲವರೆಗೂ ನೀರಿಗೆ. ವಾಟರ್‌ಪ್ರೂಫ್ ಶೂಗೆ ಮೇಲಿಂದ ನೀರು ಹೊಕ್ಕರೆ ಒಂದು ತೊಟ್ಟೂ ಆಚೆ ಹೋಗಲ್ಲ ಅಂತ ಅಂಗಡಿಯವನು ಹೇಳಿರಲಿಲ್ಲ. ಒಂದು ಜೊತೆ ಸಾಕ್ಸ್ ಬ್ಯಾಗಿನಲ್ಲಿ ಇರಲಿ, ದಯವಿಟ್ಟು.

ಆಚೆ ದಡದಲ್ಲಿ ಒಂದು ವಿಲೋ ಮರ ಬಾಗಿ ಕಮಾನಿನ ಹಾಗೆ ನಿಂತಿದೆ. ಅದರ ತುಂಬಾ ಬಟ್ಟೆ ಚೂರು, ರಿಬ್ಬನ್, ದಾರ. ಮರದ ಕೆಳಗೆ ಒಬ್ಬ ಅಜ್ಜಿ. ಬಿಳೀ ಜಡೆ, ಮಂಡಿವರೆಗಿನ ರಬ್ಬರ್ ಬೂಟು, ಕೈಯಲ್ಲಿ ಉಗುರು ಕತ್ತರಿಸುವಂಥ ಪುಟ್ಟ ಕತ್ತರಿ. ಒಂದೊಂದೇ ರಿಬ್ಬನ್ ಹಿಡಿದು, ಬೆರಳಲ್ಲಿ ತಿಕ್ಕಿ ನೋಡಿ, ಕೆಲವನ್ನು ಬಿಡುತ್ತಿದ್ದರು, ಕೆಲವನ್ನು ಕಚಕ್ ಅಂತ ಕತ್ತರಿಸಿ ಚೀಲಕ್ಕೆ ಹಾಕುತ್ತಿದ್ದರು. ನನಗೆ ಮೈ ಜುಂ ಅಂದಿತು. ಯಾರೋ ಕಟ್ಟಿದ ಹರಕೆಯನ್ನು ಹೀಗೆ ಕಿತ್ತು ಹಾಕೋದಾ? ಇಲಾಖೆಯವರೇನೋ ಅಂದುಕೊಂಡು ಕೇಳಿದೆ. "ಅಲ್ಲಪ್ಪ, ನಾನೂ ಇಲ್ಲಿಗೆ ನಡೆದುಕೊಳ್ಳುವವಳೇ" ಅಂದರು. ಮೂವತ್ತು ವರ್ಷದಿಂದ ಬರುತ್ತಿದ್ದಾರಂತೆ.

ಆಮೇಲೆ ಒಂದು ಗಂಟೆ ನಾವು ಅಲ್ಲಿಂದ ಕದಲಲಿಲ್ಲ. ನಾನು ಶೂ ಬಿಚ್ಚಿ ನೀರು ಚೆಲ್ಲಿ, ಸಾಕ್ಸ್ ಹಿಂಡಿ ಬೇಲಿಗೆ ಹಾಕಿ, ಬರಿಗಾಲಲ್ಲಿ ಕೂತೆ.

ಈ ಬಟ್ಟೆ ಕಟ್ಟುವುದು ಸ್ಕಾಟ್ಲೆಂಡ್, ಐರ್ಲೆಂಡ್, ಕಾರ್ನ್‌ವಾಲ್ ಕಡೆಯ ಹಳೇ ರೂಢಿ. ಕಾರ್ನ್‌ವಾಲಿನ ಮ್ಯಾಡ್ರನ್ ಬಾವಿಯ ಹತ್ತಿರ ಈಗಲೂ ಮರ ತುಂಬಾ ನೇತಾಡುತ್ತವೆ. ಉಟ್ಟ ಬಟ್ಟೆಯ ಚೂರನ್ನು ಬುಗ್ಗೆಯ ನೀರಲ್ಲಿ ಅದ್ದಿ, ನೋವಿರುವ ಜಾಗಕ್ಕೆ ಒರೆಸಿ, ಮರಕ್ಕೆ ಕಟ್ಟಬೇಕು. ಬಟ್ಟೆ ಕೊಳೆಯುತ್ತಾ ಹೋದ ಹಾಗೆ ಕಾಯಿಲೆಯೂ ಕರಗುತ್ತದೆ ಅಂತ ನಂಬಿಕೆ.

"ಈಗ ನೀನೇ ಹೇಳು, ನೈಲಾನ್ ಯಾವಾಗ ಕೊಳೆಯುತ್ತೆ?" ಅಂದರು ಅಜ್ಜಿ. "ಇವರ ಕಾಯಿಲೆ ಹೋಗೋದೇ ಇಲ್ಲ. ಜೊತೆಗೆ ಮರಕ್ಕೊಂದು ಕಾಯಿಲೆ."

ಒಂದು ಕೊಂಬೆ ತೋರಿಸಿದರು. ಹೊಳೆಯುವ ನೇರಳೆ ರಿಬ್ಬನ್ ಸುತ್ತಿದ್ದ ಕಡೆ ತೊಗಟೆ ಎರಡೂ ಪಕ್ಕ ಉಬ್ಬಿ, ನಡುವೆ ಕುತ್ತಿಗೆ ಹಿಸುಕಿದ ಹಾಗೆ ಗುರುತು. ಕೊಂಬೆ ದಪ್ಪಗಾಗುತ್ತದೆ, ರಿಬ್ಬನ್ ಹಿಗ್ಗಲ್ಲ. ಕತ್ತರಿಯ ತುದಿಯನ್ನು ಆ ಗಾಯದೊಳಗೆ ಮೆಲ್ಲಗೆ ತೂರಿಸಿ, ಉಸಿರು ಹಿಡಿದು ಬಿಡಿಸಿದರು. ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುವ ಹಾಗೆ.

ಚೀಲದಲ್ಲಿ ಏನೇನಿದೆ ಅಂತ ತಂಗಿ ಇಣುಕಿದಳು. ಕೂದಲಿನ ರಬ್ಬರ್ ಬ್ಯಾಂಡು, ಶೂ ಲೇಸು, ನಾಯಿಯ ಕೊರಳಪಟ್ಟಿ, ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟ ಚೀಟಿ. ಚೀಟಿ ಓದುತ್ತೀರಾ ಅಂತ ಕೇಳಿದೆ. "ನನಗೆ ಬರೆದದ್ದಲ್ಲವಲ್ಲ" ಅಂದರು. ಕವರ್ ತೆಗೆದು, ಚೀಟಿಯನ್ನು ಮಡಿಕೆ ಬಿಚ್ಚದೆ ಮರದ ಬುಡದ ಪೊಟರೆಗೆ ತುರುಕಿದರು. ಮಳೆ ನೋಡಿಕೊಳ್ಳುತ್ತೆ.

ಆಮೇಲೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ ಕೈಗೆ ಹಾಕುವ ಪಟ್ಟಿ. ಹಸುಗೂಸಿನದು, ಉಂಗುರಕ್ಕಿಂತ ಸ್ವಲ್ಪ ದೊಡ್ಡದು. ಅದೂ ಪ್ಲಾಸ್ಟಿಕ್ಕೇ. ಅಜ್ಜಿ ಕತ್ತರಿ ಎತ್ತಿದರು, ಇಳಿಸಿದರು. ಪಟ್ಟಿಯನ್ನು ಒಣಗಿದ ಕೊಂಬೆಯೊಂದಕ್ಕೆ ಸಡಿಲವಾಗಿ ಜಾರಿಸಿ, "ಇದು ಇರಲಿ. ಮುಂದಿನ ವರ್ಷ ನೋಡೋಣ" ಅಂದರು. ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕತ್ತರಿಸಿದ್ದನ್ನೆಲ್ಲ ಏನು ಮಾಡುತ್ತೀರಿ ಅಂತ ಕೇಳಿದೆ. ಮೊದಲ ವರ್ಷ ಭಕ್ತಿಯಿಂದ ಹಿತ್ತಲಲ್ಲಿ ಸುಟ್ಟರಂತೆ. ಆ ಹೊಗೆಗೆ ಪಕ್ಕದ ಮನೆಯವರು ಜಗಳಕ್ಕೆ ಬಂದರಂತೆ. ಈಗ ಒಂದು ವಾರ ಮನೆಯ ಕಿಟಕಿಯಲ್ಲಿಟ್ಟು, ಮೇಣದಬತ್ತಿ ಹಚ್ಚಿ, ಕಸದ ಡಬ್ಬಕ್ಕೆ ಹಾಕುತ್ತಾರೆ. "ಎಲ್ಲಾ ದೇವರಿಗೂ ಮಂಗಳವಾರ ಕಸದ ಗಾಡಿ ಬರುತ್ತೆ" ಅಂತ ನಕ್ಕರು.

ನನಗೆ ಒಂದು ಪ್ರಶ್ನೆ ಕೊರೆಯುತ್ತಿತ್ತು. ನಮ್ಮ ಕಡೆ ಚೌಡಿ ಬನಕ್ಕೆ ಯಾಕೆ ಹೋಗುತ್ತೀರಿ ಅಂದರೆ, ಅಜ್ಜಿ ಹೋಗುತ್ತಿದ್ದರು, ಅಮ್ಮ ಹೋಗುತ್ತಾರೆ, ಅದಕ್ಕೆ. ಬಿಟ್ಟರೆ ಏನಾಗುತ್ತೋ ಅನ್ನುವ ಹೆದರಿಕೆಯೂ ಇದೆ. ನಿಮಗೆ ಇದನ್ನು ಕಲಿಸಿದ್ದು ಯಾರು?

"ಯಾರೂ ಇಲ್ಲ" ಅಂದರು. ಅಪ್ಪ ಮೆಥಡಿಸ್ಟ್ ಚರ್ಚಿನವರು, ಭಾನುವಾರ ತಪ್ಪಿಸುವಂತಿರಲಿಲ್ಲ. ಇವರು ಹುಟ್ಟಿದ್ದು 1951ರಲ್ಲಿ. ಮಾಟಗಾತಿಯರ ಮೇಲಿದ್ದ ಹಳೇ ಕಾನೂನು ಇಂಗ್ಲೆಂಡಿನಲ್ಲಿ ರದ್ದಾದದ್ದೂ ಅದೇ ವರ್ಷ. ಅದಾದ ಮೇಲೇ ಜೆರಾಲ್ಡ್ ಗಾರ್ಡ್ನರ್ ಅನ್ನುವ ನಿವೃತ್ತ ಕಸ್ಟಮ್ಸ್ ಅಧಿಕಾರಿ ವಿಕ್ಕಾ ಅನ್ನುವ, ಮಾಟಗಾತಿಯರ ಹೆಸರಿನ ಪೂಜಾಪದ್ಧತಿಯ ಬಗ್ಗೆ ಬಹಿರಂಗವಾಗಿ ಬರೆಯತೊಡಗಿದ್ದು. ಇವತ್ತಿನ ಪೇಗನ್ ಆಚರಣೆ ಬಹಳಷ್ಟು ಅಲ್ಲಿಂದ ಹೊರಟದ್ದೇ. "ಸಾವಿರಾರು ವರ್ಷದಿಂದ ಗುಟ್ಟಾಗಿ ನಡೆದುಬಂದಿದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಕಲ್ಲು ಹಳೇದು. ನಾವು ಮಾಡೋದಕ್ಕೆ ನನ್ನಷ್ಟೇ ವಯಸ್ಸು" ಅಂದರು. ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂಚೂರೂ ಮುಜುಗರ ಇರಲಿಲ್ಲ. ನಾನಾಗಿದ್ದರೆ ಒಂದು ಸ್ಥಳಪುರಾಣವನ್ನಾದರೂ ಹೊಸೆಯುತ್ತಿದ್ದೆ.

ಹಾಗಾದರೆ ಇಲ್ಲಿಗೇ ಯಾಕೆ? ಗಂಡ ತೀರಿಕೊಂಡ ವರ್ಷ ಸುಮ್ನೆ ನಡೆಯುತ್ತಾ ಬಂದರಂತೆ. ನೀರು ಬರುತ್ತಿತ್ತು, ಕೂತರಂತೆ. ಮಾರನೇ ವಾರ ಮತ್ತೆ ಬಂದರು. "ಅಷ್ಟೇ. ಕತೆ ಮುಗೀತು" ಅಂದರು.

ತಂಗಿಗೆ ಆಗ ಹುಮ್ಮಸ್ಸು ಬಂತು. ಅಮ್ಮನ ಮಂಡಿ ನೋವಿಗೆ ಇಲ್ಲೊಂದು ದಾರ ಕಟ್ಟಿಬಿಡುತ್ತೇನೆ ಅಂತ ಕೈಯಲ್ಲಿದ್ದ ಕೆಂಪು ಹಳದಿ ದಾರ ಬಿಚ್ಚತೊಡಗಿದಳು. ಜಾತ್ರೆಯಲ್ಲಿ ಕೊಂಡು, ದೇವರ ಮುಂದೆ ಇಟ್ಟು ಕಟ್ಟಿಸಿಕೊಂಡದ್ದು. ಅಜ್ಜಿ ಅವಳ ಮಣಿಕಟ್ಟು ಹಿಡಿದು, ದಾರವನ್ನು ಎರಡು ಬೆರಳ ನಡುವೆ ತಿಕ್ಕಿದರು. ತಲೆ ಅಲ್ಲಾಡಿಸಿದರು.

"ನೈಲಾನ್."

ತಂಗಿಯ ಮುಖ ನೋಡಬೇಕಿತ್ತು. "ದೇವರ ದಾರಾನೂ ಪ್ಲಾಸ್ಟಿಕ್ಕಾ ಅಕ್ಕಾ?" ಅಂತ ನನ್ನ ಕಡೆ ತಿರುಗಿದಳು, ನಾನೇ ಮಾರಿದ ಹಾಗೆ. ಅಜ್ಜಿ ಎದ್ದು ನನ್ನ ಸಾಕ್ಸ್ ಒಣಗುತ್ತಿದ್ದ ಬೇಲಿಗೆ ಹೋದರು. ಮುಳ್ಳುತಂತಿಗೆ ಕುರಿಗಳ ಉಣ್ಣೆ ಸಿಕ್ಕಿಕೊಂಡು ಜೋತಾಡುತ್ತಿತ್ತು. ಒಂದು ಹಿಡಿ ಬಿಡಿಸಿ ತಂದು, ತೊಡೆಯ ಮೇಲೆ ಬತ್ತಿ ಹೊಸೆಯುವ ಹಾಗೇ ಹೊಸೆದರು, ಥೇಟ್ ನಮ್ಮಜ್ಜಿ. ಗೇಣುದ್ದದ ಎಳೆ ಆಯಿತು. ತಾವೂ ಯಾವಾಗಲೂ ಇದನ್ನೇ ಕಟ್ಟೋದು ಅಂದರು. ಹಕ್ಕಿಗಳು ಗೂಡಿಗೆ ಎಳೆದುಕೊಂಡು ಹೋಗುತ್ತವಂತೆ. ಹೋದರೆ ಒಳ್ಳೇದೇ, ಬೇಗ ವಾಸಿಯಾಗುತ್ತೆ. ತಂಗಿ ಎಳೆಯನ್ನು ನೀರಿಗೆ ಅದ್ದಿ, ಅಮ್ಮ ಇಲ್ಲದ ಕಾರಣ ತನ್ನ ಮಂಡಿಗೇ ಒರೆಸಿ, ಸಡಿಲ ಗಂಟು ಹಾಕಿದಳು.

ಮೇಲಿನ ಗುಡ್ಡದ ವೆಸ್ಟ್ ಕೆನೆಟ್ ಲಾಂಗ್ ಬ್ಯಾರೋಗೂ ಹೋದೆವು. ಐದೂವರೆ ಸಾವಿರ ವರ್ಷ ಹಿಂದಿನ, ನೂರು ಮೀಟರ್ ಉದ್ದದ ಗೋರಿ. ಒಳಗಿನ ಕಲ್ಲಿಗೆ ಮೇಣದಬತ್ತಿಯ ಮಸಿ ಹತ್ತಿದೆ. ಶಾಖಕ್ಕೆ ಕಲ್ಲು ಬಿರಿಯುತ್ತದೆ, ದಯವಿಟ್ಟು ಹಚ್ಚಬೇಡಿ. ಒದ್ದೆ ಶೂ ಪಚಕ್ ಪಚಕ್ ಅನ್ನುತ್ತಿತ್ತು, ನನಗೆ ಬೇರೇನೂ ತಲೆಗೆ ಹೋಗಲಿಲ್ಲ.

ಮಾರನೇ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದಾಗ ತಂಗಿ ಎಲ್ಲಾ ವರದಿ ಒಪ್ಪಿಸಿದಳು. ಅಮ್ಮ ಕೇಳಿಸಿಕೊಂಡು, "ಕುರಿ ಉಣ್ಣೆನಾ? ಇರಲಿ, ಕಂಬಳಿ ಮಡಿಗೆ ಬರುತ್ತೆ" ಅಂದರು. ಆಮೇಲೆ, "ಸ್ನಾನ ಮಾಡಿ ಕಟ್ಟಿದ್ಯಾ?"

"ನಾನು ಇಲ್ಲಮ್ಮ" ಅಂದಳು ತಂಗಿ. "ಅಕ್ಕಂಗೆ ಮಾತ್ರ ಅರ್ಧ ಸ್ನಾನ ಆಗಿತ್ತು."