ಮುಂಬೈ–ಗೋವಾ ಹಡಗಿನಲ್ಲಿ ಲಗೋರಿ ಯಾಕಿಲ್ಲ?

ಮುಂಬೈ ಬಂದರಿನ ಬಲ್ಲಾರ್ಡ್ ಪಿಯರ್‌ನಲ್ಲಿ ಬ್ಯಾಗ್ ತಪಾಸಣೆಯ ಸಾಲು ಉದ್ದ ಇತ್ತು. ಅಪ್ಪನ ಕಂಕುಳಲ್ಲಿ ಒಂದು ಹಳೇ ಬೈರಾಸು. ಕ್ಯಾಬಿನ್‌ನಲ್ಲಿ ಟವೆಲ್ ಕೊಡ್ತಾರಪ್ಪ, ಇದು ಯಾಕೆ ಅಂತ ಕೇಳಿದೆ.

"ಡೆಕ್ಕಲ್ಲಿ ಜಾಗ ಹಿಡಿಯಲಿಕ್ಕೆ" ಅಂದರು.

ಅಪ್ಪ ಇದಕ್ಕೆ ಮೊದಲು ಹಡಗು ಹತ್ತಿದ್ದು ಒಂದೇ ಸಲ. 1968ರಲ್ಲಿ. ಆಗ ಅವರಿಗೆ 13 ವರ್ಷ. ಕುಂದಾಪುರದಿಂದ ಬಸ್ಸಿನಲ್ಲಿ ಪಣಜಿ, ಪಣಜಿಯಿಂದ ಸ್ಟೀಮರ್ ಹಿಡಿದು ಮುಂಬೈಯ ಭಾವೂಚಾ ಧಕ್ಕೆ. ಕೊಂಕಣ ರೈಲು ಪೂರ್ತಿ ಓಡಲು ಶುರುವಾಗಿದ್ದು 1998ರಲ್ಲಿ. ಅದಕ್ಕೂ ಮೊದಲು ಕರಾವಳಿಯ ಎಷ್ಟೋ ಹುಡುಗರು ಹೀಗೇ ಬಂದವರು. ಡೆಕ್ ಟಿಕೆಟ್ ಅಂದ್ರೆ ಬರೀ ನೆಲ. ಬೈರಾಸು ಹಾಸಿದವನದೇ ಜಾಗ. ಆ ಲೆಕ್ಕ ಅಪ್ಪನ ತಲೆಯಲ್ಲಿ ಇನ್ನೂ ಹಾಗೇ ಇದೆ.

ನಾವು ಡೊಂಬಿವಿಲಿಯಿಂದ ಒಂಬತ್ತು ಜನ ಹೊರಟಿದ್ದೆವು. ಅಪ್ಪ, ಅಮ್ಮ, ದೊಡ್ಡಮ್ಮ, ತಮ್ಮ, ತಮ್ಮನ ಹೆಂಡತಿ, ನಾನು, ನಮ್ಮನೆಯವರು, ಇಬ್ಬರು ಮಕ್ಕಳು. ಡಿಸೆಂಬರ್ ಕೊನೆಯ ವಾರ, ಕಡಲು ಶಾಂತವಾಗಿತ್ತು. ತಮ್ಮ ಸರಕು ಹಡಗಿನಲ್ಲಿ ಎಂಜಿನಿಯರ್. ನಾವು ಏನೇ ಕೇಳಿದರೂ ಅವನ ಹತ್ತಿರ ಉತ್ತರ ಇರುತ್ತಿತ್ತು.

ಹೊರಡುವ ಮೊದಲು ಎಲ್ಲರಿಗೂ ಸುರಕ್ಷತೆಯ ಕವಾಯತು. ಸೈರನ್ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಕೂಗಿತು. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿತಲ್ಲ, ಆಮೇಲೆ ನಿಯಮ ಬಿಗಿಯಾಯಿತಂತೆ. ಹಡಗು ಬಿಡುವ ಮೊದಲೇ, ಇಲ್ಲವೇ ಬಿಟ್ಟ ತಕ್ಷಣ ಈ ಕವಾಯತು ಆಗಲೇಬೇಕು. ದೊಡ್ಡಮ್ಮ ಲೈಫ್ ಜಾಕೆಟ್ ಕಟ್ಟುವುದನ್ನು ಎರಡು ಸಲ ಕೇಳಿ ಕಲಿತರು.

ಸಂಜೆ ಹಡಗು ಬಿಟ್ಟಿತು. ಬಲಕ್ಕೆ ಗೇಟ್‌ವೇ, ತಾಜ್. ಎಡಕ್ಕೆ ದೂರದಲ್ಲಿ ಎಲಿಫೆಂಟಾ. ಕೊಲಾಬಾದ ತುದಿಯಲ್ಲಿ 1875ರ ಪ್ರಾಂಗ್ಸ್ ದೀಪಸ್ತಂಭ ದಾಟಿದ ಮೇಲೆ ನೀರಿನ ಬಣ್ಣವೇ ಬದಲಾಯಿತು. ಅಪ್ಪ ಕಂಬಿ ಹಿಡಿದು ನಿಂತವರು ಅಲ್ಲಾಡಲೇ ಇಲ್ಲ.

ಕ್ಯಾಬಿನ್‌ಗೆ ಹೋದರೆ ಬಾಗಿಲ ಸಂದಿಯಲ್ಲಿ ದಿನದ ಕಾರ್ಯಕ್ರಮದ ಹಾಳೆ. ಬಿಂಗೊ, ಜುಂಬಾ, ಬಟ್ಟೆ ಮಡಿಸಿ ಹಂಸ ಮಾಡುವುದು, ರಾತ್ರಿ ಡಿಜೆ. ಅಮ್ಮ ಓದಿ ಹೇಳಿದರು. ದೊಡ್ಡಮ್ಮ ಕೇಳಿದರು, "ಅಷ್ಟೆಯಾ? ಒಂದು ಚೆನ್ನೆಮಣೆಯೂ ಇಲ್ವಾ?"

ನಮ್ಮ ಮಾತುಕತೆ ಶುರುವಾಗಿದ್ದೇ ಇಲ್ಲಿಂದ. ಯಾಕೆಂದರೆ ದೊಡ್ಡಮ್ಮ ಕೇಳಿದ್ದು ಸರಿಯಾಗೇ ಇತ್ತು. ಹಡಗಿಗೆ ಹೇಳಿ ಮಾಡಿಸಿದ ಆಟ ಅದು. ಕೇರಂ ಬೋರ್ಡ್ ಇಟ್ಟರೆ ಹಡಗು ವಾಲಿದಾಗ ಕಾಯಿ ಜಾರುತ್ತದೆ. ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಗುಳಿಯೊಳಗೆ ಕೂತ ಮಂಜೊಟ್ಟಿ ಎಷ್ಟು ಅಲೆ ಬಂದರೂ ಕೂತಲ್ಲೇ ಕೂತಿರುತ್ತದೆ.

ಊಟ ಆದ ಮೇಲೆ ಮೇಲಿನ ಡೆಕ್‌ನಲ್ಲಿ ಟೀ ಹಿಡಿದು ಕೂತೆವು. ತಮ್ಮ ಬೇರೆ ದೇಶದ ಹಡಗುಗಳ ಕಥೆ ತೆಗೆದ. 1999ರಲ್ಲಿ ವಾಯೇಜರ್ ಆಫ್ ದಿ ಸೀಸ್ ಹಡಗಿನೊಳಗೆ ಐಸ್ ಸ್ಕೇಟಿಂಗ್ ಅಂಗಳ ಮಾಡಿದರಂತೆ. ಹೊರಗೆ ಕೆರಿಬಿಯನ್ ಬಿಸಿಲು, ಒಳಗೆ ಮಂಜುಗಡ್ಡೆ! 2014ರಲ್ಲಿ ಕ್ವಾಂಟಮ್ ಆಫ್ ದಿ ಸೀಸ್‌ನಲ್ಲಿ ಗಾಜಿನ ಕೊಳವೆಯಲ್ಲಿ ಗಾಳಿ ಊದಿ ಮನುಷ್ಯರನ್ನು ತೇಲಿಸಿದರು. 2017ರಲ್ಲಿ ನಾರ್ವೇಜಿಯನ್ ಜಾಯ್ ಹಡಗಿನ ಮೇಲೆ ಕಾರ್ ರೇಸ್ ಟ್ರ್ಯಾಕ್ ಬಂತು. 2021ರಲ್ಲಿ ಮಾರ್ಡಿ ಗ್ರಾ ಹಡಗಿನ ನೆತ್ತಿಯಲ್ಲಿ ರೋಲರ್ ಕೋಸ್ಟರ್ ಓಡಿತು. ನನಗೆ ತುಂಬಾ ಇಷ್ಟ ಆಗಿದ್ದು ಕ್ವೀನ್ ಮೇರಿ 2 ಹಡಗಿನ ನಾಯಿಗಳ ಸಂಗತಿ. ಅಲ್ಲಿ ನಾಯಿ ಕರೆದುಕೊಂಡು ಹೋಗಬಹುದು. ಇಂಗ್ಲೆಂಡಿನ ನಾಯಿಗಳು ಕಾಲೆತ್ತಲು ಒಂದು ಬೀದಿ ದೀಪದ ಕಂಬ, ಅಮೆರಿಕದ ನಾಯಿಗಳಿಗೆ ಬೆಂಕಿ ಆರಿಸುವ ನೀರಿನ ನಲ್ಲಿಯ ಕಂಬ, ಎರಡನ್ನೂ ಡೆಕ್ ಮೇಲೆ ನೆಟ್ಟಿದ್ದಾರೆ.

ನೋಡಿ, ನಾಯಿಗೆ ಅದರ ಊರಿನ ಅಭ್ಯಾಸ ತಪ್ಪಬಾರದು ಅಂತ ಯೋಚಿಸಿದವರು ಇದ್ದಾರೆ. ಹಾಗಾದರೆ ಮುಂಬೈಯಿಂದ ಹೊರಡುವ ಹಡಗಿನಲ್ಲಿ ನಮಗೆ ಲಗೋರಿ ಯಾಕಿಲ್ಲ?

ಮಕ್ಕಳು ಕಾಯಲಿಲ್ಲ. ಆಟದ ಕೋಣೆಯಿಂದ ಕೇಳಿ ಏಳು ಮರದ ತುಂಡು ತಂದರು. ಗಾಳಿ ಕಡಿಮೆ ಇದ್ದ ಮೂಲೆ ಹುಡುಕಿ ಒಂದರ ಮೇಲೊಂದು ಪೇರಿಸಿದರು. ಚೆಂಡು ಸಮುದ್ರಕ್ಕೆ ಹಾರಿದರೆ ಹೋಯ್ತು ಅಂತ ನನ್ನ ಮಗಳು ತನ್ನ ಎರಡು ಸಾಕ್ಸ್ ಸುತ್ತಿ ಉಂಡೆ ಮಾಡಿದಳು. ತಮ್ಮನ ಮಗ ಗುರಿ ಹಿಡಿದು ನಿಂತ. ಅಷ್ಟರಲ್ಲಿ ಹಡಗು ಚೂರು ಎಡಕ್ಕೆ ವಾಲಿತು. ಮೇಲಿನ ತುಂಡು ಒಮ್ಮೆ ಅಲುಗಿತು, ನಿಂತಿತು, ಆಮೇಲೆ ಏಳೂ ದಡದಡ ಬಿದ್ದವು. ಯಾರೂ ಮುಟ್ಟಿರಲಿಲ್ಲ.

"ಔಟ್! ಸಮುದ್ರ ಹೊಡೀತು!" ಅಂತ ಮಗಳು ಕಿರುಚಿದಳು.

ಹೊಸ ನಿಯಮ ಆಗಲೇ ಹುಟ್ಟಿತು. ಲಗೋರಿಗೆ ಈಗ ಮೂರು ತಂಡ. ಹೊಡೆಯುವವರು, ಕಟ್ಟುವವರು, ಸಮುದ್ರ. ತಾನಾಗಿ ಬಿದ್ದರೆ ಪಾಯಿಂಟ್ ಸಮುದ್ರಕ್ಕೆ. ಪಕ್ಕದ ಗುಜರಾತಿ ಕುಟುಂಬದ ಮಕ್ಕಳೂ ಸೇರಿಕೊಂಡರು. ಅರ್ಧ ಗಂಟೆ ಕಳೆದಾಗ ಸಮುದ್ರಕ್ಕೆ ಐದು, ಮಕ್ಕಳ ಎರಡು ತಂಡಕ್ಕೂ ಮೂರು ಮೂರು. ಇಷ್ಟು ಒಳ್ಳೆಯ ಎದುರಾಳಿ ನೆಲದ ಮೇಲೆ ಸಿಗುವುದಿಲ್ಲ.

ಆಮೇಲೆ ಒಬ್ಬೊಬ್ಬರದೂ ಒಂದೊಂದು ಯೋಜನೆ. ದೊಡ್ಡಮ್ಮನದು ಹಲಸಿನ ಹಪ್ಪಳ. ಮೇಲಿನ ಡೆಕ್ ತುಂಬ ಚಾಪೆ ಹಾಸಬೇಕು, ಹೆಂಗಸರು ಗಂಡಸರು ಎಲ್ಲ ಕೂತು ಹಪ್ಪಳ ಒತ್ತಬೇಕು. "ನಡು ಸಮುದ್ರದಲ್ಲಿ ಕಾಗೆ ಇಲ್ಲ ಕಾಣು ಮಾರಾಯ್ತಿ. ಕೋಲು ಹಿಡಿದು ಕಾಯುವ ಕೆಲಸವೇ ಇಲ್ಲ." ಇದಕ್ಕೆ ಯಾರೂ ಎದುರು ಹೇಳುವ ಹಾಗಿರಲಿಲ್ಲ. ತಮ್ಮ ಮಾತ್ರ ಲೆಕ್ಕ ಹಾಕಿದ. ಹಡಗು 15 ನಾಟ್ ವೇಗದಲ್ಲಿ ಹೋದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ಗಾಳಿಯೇ ಇಲ್ಲದ ದಿನವೂ ಡೆಕ್ ಮೇಲೆ ಅಷ್ಟು ಗಾಳಿ ಎದುರಿನಿಂದ ಬೀಸುತ್ತದೆ. ಹಪ್ಪಳ ರತ್ನಾಗಿರಿಗೆ ಹಾರುತ್ತದೆ. ದೊಡ್ಡಮ್ಮ ಕಂಬಿ ಮೇಲೆ ಬೆರಳು ಎಳೆದು ನಾಲಗೆಗೆ ಮುಟ್ಟಿಸಿದರು. ಉಪ್ಪು. "ಹಾರಿದರೆ ಮೇಲೆ ಬಲೆ ಕಟ್ಟುವ. ಹಿಟ್ಟಿಗೆ ಉಪ್ಪು ಮಾತ್ರ ಕಡಿಮೆ ಹಾಕಬೇಕು" ಅಂದರು. ಅಡುಗೆ ಗೊತ್ತಿದ್ದವರು ಹಾಗೇ, ಮೊದಲು ಉಪ್ಪು ನೋಡುತ್ತಾರೆ.

ನಮ್ಮನೆಯವರು ಡೊಂಬಿವಿಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ 26 ವರ್ಷ ಲೋಕಲ್ ರೈಲಿನಲ್ಲಿ ಓಡಾಡಿದವರು. ಅವರ ಆಟದ ಹೆಸರು ನಾಲ್ಕನೇ ಸೀಟು. ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವರು ತುದಿಯಲ್ಲಿ ಕೂರುವುದು ಮುಂಬೈಯ ಎಲ್ಲರಿಗೂ ಗೊತ್ತು. ಅದನ್ನೇ ಹಡಗಿನಲ್ಲಿ, ಅಲೆ ಏಳುವಾಗ ಹತ್ತು ನಿಮಿಷ ಕೂತು ತೋರಿಸಬೇಕು. ಬಿದ್ದರೆ ಮುಂದಿನ ಸ್ಟೇಷನ್. ಜೊತೆಗೆ ಭಜನೆ ಮಂಡಳಿ ಇರಲಿ ಅಂದರು. ತಮ್ಮ ಯಾವ ತಕರಾರೂ ಮಾಡದೆ ಒಪ್ಪಿದ್ದು ಇದೊಂದನ್ನೇ.

ಈಜುಕೊಳದಲ್ಲಿ ಕಂಬಳ ಮಾಡಬೇಕು ಅನ್ನುವುದು ಮಕ್ಕಳ ಆಸೆ. ಕೋಣಗಳನ್ನು ಹಡಗಿಗೆ ತರಬಾರದು, ಪಾಪ. ಇಬ್ಬಿಬ್ಬರು ಮಕ್ಕಳು ಜೋಡಿಯಾಗಿ ಮೊಣಕಾಲು ನೀರಿನಲ್ಲಿ ಓಡುವುದು, ಹಿಂದೆ ಒಬ್ಬ ದೊಡ್ಡವನು ಹಲಗೆ ಹಿಡಿದು ನೀರು ಚಿಮ್ಮಿಸುವುದು. ಊರಿನ ಕೆನೆ ಹಲಗೆ ಓಟದಲ್ಲಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಅದು ಒದ್ದೆಯಾದರೆ ಗೆದ್ದ ಹಾಗೆ. ಇಲ್ಲಿ ಎರಡನೇ ಮಹಡಿಯ ಕಂಬಿಗೆ ಕಟ್ಟೋಣ ಅಂದೆ. ತಮ್ಮ ತಲೆ ಆಡಿಸಿದ. ಹಡಗು ವಾಲಿದಾಗ ಕೊಳದ ನೀರು ತಾನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊಡೆಯುತ್ತದೆ. ಕಡಲು ಒರಟಾದರೆ ಕೊಳವನ್ನೇ ಮುಚ್ಚುತ್ತಾರೆ. ಹಾಗಾಗಿ ಕಂಬಳ ಗೋವಾದ ಮುರ್ಮುಗಾಂವ್ ಬಂದರಿನಲ್ಲಿ, ಹಡಗು ಕಟ್ಟಿ ನಿಂತ ಮೇಲೆ ಅಂತ ತೀರ್ಮಾನ ಆಯಿತು.

ಯಕ್ಷಗಾನದ ಮಾತು ತೆಗೆದದ್ದು ಅಮ್ಮ. ನನಗೆ ಇದು ನಿಜಕ್ಕೂ ಆಗಲೇಬೇಕು ಅನಿಸುತ್ತದೆ. ಬಯಲಾಟ ನಡೆಯುವುದು ರಾತ್ರಿಯಿಡೀ. ಮುಂಬೈಯಿಂದ ಗೋವಾಕ್ಕೆ ಹಡಗು ಹೋಗುವುದೂ ರಾತ್ರಿಯಿಡೀ. ಎರಡೂ ಒಂದೇ ಅಳತೆಯ ಬಟ್ಟೆ. ಮುಂಬೈ ದಾಟಿ ಖಾಂದೇರಿ ದ್ವೀಪದ ದೀಪ ಕಾಣುವಾಗ ಕೇಳಿ ಬಾರಿಸಬೇಕು. ಊರಲ್ಲಿ ಇವತ್ತು ಆಟ ಇದೆ ಅಂತ ಸುತ್ತಲ ಹಳ್ಳಿಗೆ ಚೆಂಡೆಯಿಂದ ತಿಳಿಸುವುದೇ ಕೇಳಿ. ಇಲ್ಲಿ ಕೇಳಿಸಿಕೊಳ್ಳುವವರು ಬಲೆ ಬಿಟ್ಟು ಕೂತ ಮೀನುಗಾರರು. ಬೆಳಗಿನ ಜಾವ ಗೋವಾದ ದಡ ಕಾಣುವಾಗ ಮಂಗಳ.

ಪ್ರಸಂಗ ಸಮುದ್ರ ಮಥನ, ಬೇರೆ ಯಾವುದೂ ಬೇಡ. ಪ್ರಯಾಣಿಕರೇ ದೇವತೆಗಳು, ಪ್ರಯಾಣಿಕರೇ ಅಸುರರು. ಎಡ ಸಾಲಿನ ಕ್ಯಾಬಿನ್‌ನವರು ಒಂದು ಕಡೆ, ಬಲ ಸಾಲಿನವರು ಇನ್ನೊಂದು ಕಡೆ. ವಾಸುಕಿಗೆ ಹಡಗು ಕಟ್ಟುವ ತೋಳು ದಪ್ಪದ ಹಗ್ಗ ತರೋಣ ಅಂದೆ. ತಮ್ಮ ಗಂಭೀರನಾದ. "ಅದನ್ನು ಮುಟ್ಟುವುದೇ ಬೇಡ ಅಕ್ಕ. ಬಿಗಿಯಾಗಿ ತುಂಡಾದರೆ ಚಾಟಿ ಹಾಗೆ ಹಿಂದೆ ಹೊಡೆಯುತ್ತೆ. ಜನ ಸತ್ತಿದ್ದಾರೆ." ಸರಿ, ಹತ್ತಿಯ ಹಗ್ಗ. ಬಣ್ಣದ ವೇಷ ಬರುವಾಗ ದೊಂದಿ ಹಿಡಿದು ರಾಳದ ಪುಡಿ ಎರಚುವುದಕ್ಕೂ ಬಿಡಲಿಲ್ಲ, ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ. ಕೆಂಪು ಲೈಟ್ ಹಾಕಿ, ಹೊಗೆ ಕೊಳವೆಯ ಹಿಂದಿನಿಂದ ರಾಕ್ಷಸ ಅಬ್ಬರಿಸಿ ಬರಲಿ. ಸಾಕು, ಮಲಗಿದವರೆಲ್ಲ ಎದ್ದು ಕೂರುತ್ತಾರೆ.

ಕಲಾವಿದರು ಎಲ್ಲಿ ಸಿಗುತ್ತಾರೆ ಅಂತ ಕೇಳಬೇಡಿ. ಊರಿನ ಮೇಳಗಳು ಮುಂಬೈಗೆ ಬರುವುದು ಮಳೆಗಾಲದಲ್ಲಿ, ಅವರ ತಿರುಗಾಟ ಮುಗಿದ ಮೇಲೆ. ಹಡಗಿನ ಸೀಸನ್ ಇರುವುದು ಚಳಿಗಾಲದಲ್ಲಿ, ಆಗ ಅವರು ಊರಲ್ಲೇ ಬಿಜಿ. ಆದರೆ ಆಫೀಸು, ಹೋಟೆಲು ಮುಗಿಸಿ ಗೆಜ್ಜೆ ಕಟ್ಟುವ ಹವ್ಯಾಸಿಗಳು ಮುಂಬೈಯಲ್ಲೇ ಎಷ್ಟು ಜನ ಇದ್ದಾರೆ!

"ಎಲ್ಲರೂ ಕೆಳಗೆ ಕೂತೇ ನೋಡಬೇಕು. ಕುರ್ಚಿ ಬೇಡ" ಅಂದರು ಅಪ್ಪ. ಅಷ್ಟು ಹೊತ್ತು ಅವರು ಮಾತೇ ಆಡಿರಲಿಲ್ಲ. ಬೈರಾಸು ಬಿಡಿಸಿ ಡೆಕ್ ಮೇಲೆ ಹಾಸಿದರು, ನಾಲ್ಕು ಮೂಲೆಯನ್ನೂ ಕೈಯಲ್ಲಿ ಸವರಿ ನೇರ ಮಾಡಿದರು. ಮಕ್ಕಳು ತಕ್ಷಣ ಅದರ ಮೇಲೆ ಉರುಳಿದರು.

"ನಿಮ್ಮದು ಯಾವ ಆಟ ಅಜ್ಜ?" ಅಂತ ಮಗಳು ಕೇಳಿದಳು.

ಅಪ್ಪ ಎದ್ದು ಟೀ ಕೌಂಟರಿಗೆ ಹೋದರು. ಅಲ್ಲಿದ್ದ ಹುಡುಗ ಕಾರ್ಕಳದ ಕಡೆಯವನು, ಊಟದ ಹೊತ್ತಿಗೇ ನಮ್ಮ ಮಾತು ಕೇಳಿ ಪರಿಚಯ ಮಾಡಿಕೊಂಡಿದ್ದ. ಖಾಲಿ ತಟ್ಟೆ ಆರು ಕೊಡು ಮಗಾ ಅಂದರು. ಮೊದಲನೆಯದನ್ನು ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದರು. ಎರಡನೆಯದು ಅದರ ಅಡಿಗೆ, ಬೆರಳುಗಳ ಮೇಲೆ. ಮೂರನೆಯದು ಮಣಿಕಟ್ಟಿಗೆ. ನಾಲ್ಕು, ಐದು ಮುಂಗೈ ಉದ್ದಕ್ಕೆ, ಒಂದರ ಅಂಚು ಇನ್ನೊಂದರ ಮೇಲೆ. ಆರನೆಯದು ಮೊಣಕೈ ಮಡಿಕೆಯಲ್ಲಿ, ಹಳೇ ಸುಟ್ಟ ಕಲೆಯ ಮೇಲೆ ಸರಿಯಾಗಿ ಕೂತಿತು. ಆ ಕಲೆ ಮುಂಬೈಯ ಫೋರ್ಟ್ ಬಡಾವಣೆಯ ಹೋಟೆಲಿನ ದೋಸೆ ಕಾವಲಿಯದು ಅಂತ ನನಗೆ ಚಿಕ್ಕಂದಿನಿಂದ ಗೊತ್ತು. ಆ ಹೋಟೆಲಿನಲ್ಲಿ ಮೊದಲು ತಟ್ಟೆ ತೊಳೆದು, ಆಮೇಲೆ ಸಪ್ಲೈಯರ್ ಆಗಿ, ಸಂಜೆ ರಾತ್ರಿ ಶಾಲೆಗೆ ಹೋಗಿ ಓದಿದವರು ಅವರು.

"ಎರಡು ಮಸಾಲೆ, ಒಂದು ಸಾದಾ, ಮೂರು ಇಡ್ಲಿ!" ಅಂತ ಕೂಗಿ ಹೊರಟರು. ಹಡಗು ಬಲಕ್ಕೆ ವಾಲಿತು. ಅಪ್ಪನ ಸೊಂಟ ಎಡಕ್ಕೆ ಬಂತು, ಮೊಣಕೈ ಸ್ವಲ್ಪ ಮೇಲೆದ್ದಿತು, ತಟ್ಟೆಗಳು ಅಲ್ಲಾಡಲಿಲ್ಲ. ಡೆಕ್‌ನ ಆ ತುದಿಯಿಂದ ಈ ತುದಿಗೆ. ಅವರಿಗೆ 70 ವರ್ಷ. ಗುಜರಾತಿ ಕುಟುಂಬ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಮ್ಮ ಮಾತ್ರ "ನಿಧಾನ, ನಿಧಾನ" ಅನ್ನುತ್ತಾ ಹಿಂದೆಯೇ ಹೋಗುತ್ತಿದ್ದರು.

ಇದಕ್ಕೆ ಸಪ್ಲೈಯರ್ ಓಟ ಅಂತ ಹೆಸರಿಟ್ಟೆವು. ಆರು ತಟ್ಟೆ, ಹೆಗಲ ಮೇಲೆ ಬೈರಾಸು, ನೂರು ಹೆಜ್ಜೆ. ಮುಂಬೈಯಲ್ಲಿ ಕೈ ಮೇಲೆ ತಟ್ಟೆ ಜೋಡಿಸಿ ಬದುಕು ಕಟ್ಟಿದ ಊರಿನ ಹಿರಿಯರು ಎಷ್ಟೋ ಜನ ಇದ್ದಾರೆ. ಅವರನ್ನು ಈ ಹಡಗಿಗೆ ಕರೆತಂದು ಜುಂಬಾ ಮಾಡಿ ಅನ್ನುವುದಕ್ಕಿಂತ ಇದು ಎಷ್ಟೋ ಚೆಂದ ಅಲ್ವಾ?

ರಾತ್ರಿ ನಾನು ಅಭಿಪ್ರಾಯ ಬರೆಯುವ ಹಾಳೆ ತೆಗೆದುಕೊಂಡು ಕೂತೆ. ಸಲಹೆಗೆ ನಾಲ್ಕು ಗೆರೆ ಬಿಟ್ಟಿದ್ದರು. ಹಾಳೆಯ ಹಿಂದೆಯೂ ಬರೆದೆ. ಯಕ್ಷಗಾನದ ಕೆಳಗೆ ಎರಡು ಅಡ್ಡ ಗೆರೆ ಎಳೆದೆ. ಅಪ್ಪ ಕ್ಯಾಬಿನ್‌ಗೆ ಬರಲೇ ಇಲ್ಲ. ಮಧ್ಯರಾತ್ರಿ ಹೋಗಿ ನೋಡಿದರೆ ಡೆಕ್ ಮೇಲೆ ಬೈರಾಸಿನಲ್ಲಿ ಮಲಗಿ ನಕ್ಷತ್ರ ನೋಡುತ್ತಿದ್ದರು. ದೂರದಲ್ಲಿ ಮೀನಿನ ದೋಣಿಗಳ ದೀಪ. ಆಗ ಸ್ಟೀಮರ್ ಮಾಲ್ವಣ, ವೆಂಗುರ್ಲಾದಲ್ಲಿ ನಿಂತರೆ ಸಣ್ಣ ದೋಣಿಯಲ್ಲಿ ಜನ ಬಂದು ಹತ್ತುತ್ತಿದ್ದರು ಅಂತ ಹೇಳಿದರು. ನಾನೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತೆ.

ಬೆಳಿಗ್ಗೆ ಮುರ್ಮುಗಾಂವ್ ಹತ್ತಿರ ಬರುವಾಗ ತಿಂಡಿಗೆ ಕೂತಿದ್ದೆವು. ಕಾರ್ಕಳದ ಹುಡುಗ ಅಡುಗೆ ಕೋಣೆಯಿಂದ ಹೊರಗೆ ಬಂದ. ಎಡಗೈ ಮೇಲೆ ನಾಲ್ಕು ತಟ್ಟೆ, ದೋಸೆ ಸಮೇತ. ನಾಲಗೆ ಕಚ್ಚಿಕೊಂಡಿದ್ದ, ಕಣ್ಣು ತಟ್ಟೆಯ ಮೇಲೇ ಇತ್ತು.

ಅಪ್ಪ ಕಾಫಿ ಲೋಟ ಕೆಳಗಿಟ್ಟರು.

"ತಟ್ಟೆ ನೋಡಬೇಡ ಮಗಾ, ದಾರಿ ನೋಡು. ಮೊಣಕೈ ಮೇಲೆ. ಇನ್ನೂ ಚೂರು ಮೇಲೆ."