ಎಂಡ್ ಮಿಲ್ ಸಾಣೆಗೆ ಬಕೆಟ್ ಕೂಲಂಟ್ ಬೇಡ, ಹನಿ ಎಣ್ಣೆ ಸಾಕು

ಎಂಡ್ ಮಿಲ್ ಎಂದರೆ ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರದ ಟೂಲು; ಅದರ ಮೊಂಡಾದ ಅಲಗನ್ನು ಸಾಣೆ ಚಕ್ರಕ್ಕೆ (ವೀಲ್) ಹಿಡಿದು ಮತ್ತೆ ಹರಿತ ಮಾಡುವಾಗ ಬಿಸಿ ಏರದಂತೆ ಸುರಿಯುವ ದ್ರವವೇ ಕೂಲಂಟ್. ಬಳ್ಳಾರಿ, ಕೊಪ್ಪಳದ ಗಡಸು ಬೋರ್ ನೀರಿಗೆ ಸೊಲ್ಯುಬಲ್ ಆಯಿಲ್ (ನೀರಲ್ಲಿ ಬೆರೆಯುವ ಕೂಲಂಟ್ ಎಣ್ಣೆ) ಬೆರೆಸಿಟ್ಟರೆ ಸ್ವಲ್ಪ ದಿನಕ್ಕೇ ಟ್ಯಾಂಕಿನ ಮೇಲೆ ಒಡೆದ ಹಾಲಿನಂಥ ಕೆನೆ ತೇಲುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಣ್ಣೆಯೊಳಗಿನ ಸೋಪಿನಂಶವನ್ನು ಹಿಡಿದು ಜಿಡ್ಡು ಮಾಡುತ್ತವೆ. ಬೇಸಿಗೆಯಲ್ಲಿ ನೀರು ಆರುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಮತ್ತೆ ಬೋರ್ ನೀರನ್ನೇ ಸುರಿದರೆ ಗಡಸುತನ ಇನ್ನೂ ಏರುತ್ತದೆ. ನೀರೇ ಬೇಕೆನ್ನುವವರು ಆರ್‌ಒ ನೀರಲ್ಲಿ 3–5% ಕಲಸಲಿ. ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ.

ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್ ಎಂಬ ಗಡಸು ಉಕ್ಕು) ಟೂಲಿನ ಮರುಸಾಣೆಗೆ ಎಂಕ್ಯೂಎಲ್ (ತೀರಾ ಕಡಿಮೆ ಎಣ್ಣೆಯನ್ನು ಗಾಳಿಯಲ್ಲಿ ಮಂಜಾಗಿ ಸಿಂಪಡಿಸುವ ವಿಧಾನ) ಸಾಕು: 5–6 ಬಾರ್ ಗಾಳಿಯ ಜೊತೆ ಗಂಟೆಗೆ 50–100 ಮಿಲಿ ಎಣ್ಣೆ. ನಾಝಲ್ ಸುಮಾರು 30 ಮಿಮೀ ದೂರ, ವೀಲ್ ತಾಗುವ ಜಾಗಕ್ಕೆ 15 ಡಿಗ್ರಿ ಓರೆ. ಹನಿ ಒಳಗೆ ಹೋಗುತ್ತಿಲ್ಲವೆಂದರೆ ವೀಲಿನ ಸುತ್ತ ತಿರುಗುವ ಗಾಳಿಪದರ ತಡೆಯುತ್ತಿದೆ. ನಾಝಲ್‌ಗಿಂತ ಮುಂಚೆ, ಗಾರ್ಡಿಗೆ ಬಿಗಿಯಾಗಿ ಒಂದು ತಗಡಿನ ಪಟ್ಟಿ ಕೂರಿಸಿ, ವೀಲಿಗೆ 1 ಮಿಮೀ ಅಂತರ ಬಿಡಿ.

ಎಣ್ಣೆ ಯಾವುದು? ಹರಳೆಣ್ಣೆಯ ಜಾರಿಕೆ ಚೆನ್ನ, ಆದರೆ ದಪ್ಪ, ಸಿಂಪಡಿಕೆ ಸರಿಯಾಗಿ ಒಡೆಯುವುದಿಲ್ಲ. ರಾಯಚೂರು ಕಡೆ ಬೆಳೆಯುವ ಸೂರ್ಯಕಾಂತಿಯ ಎಣ್ಣೆ ಅರ್ಧಕ್ಕರ್ಧ ಬೆರೆಸಿ. ಸಂಜೆ ಯಂತ್ರದ ಸ್ಲೈಡ್ (ಮೇಜು ಜಾರುವ ಹಳಿ) ಒರೆಸದಿದ್ದರೆ ಎಣ್ಣೆ ಗೋಂದಾಗಿ ಅಂಟುತ್ತದೆ, ಅದೊಂದು ಕಿರಿಕಿರಿ.

ಕೆಲಸ ಕೆಡುವುದು ಹೆಚ್ಚಾಗಿ ವೀಲ್ ಕಟ್ಟಿಕೊಂಡಾಗ. ಎಣ್ಣೆಯೂ ಉಕ್ಕಿನ ಪುಡಿಯೂ ಸೇರಿ ಹಿಟ್ಟಿನಂತಾಗಿ ರಂಧ್ರ ತುಂಬುತ್ತವೆ. ವೀಲ್ ಕೊರೆಯುವುದು ಬಿಟ್ಟು ಉಜ್ಜತೊಡಗುತ್ತದೆ. ಮುಖ ಕಪ್ಪಗೆ ಮಿನುಗುತ್ತದೆ, ಸದ್ದು ಕೀರಲಾಗುತ್ತದೆ, ಅಲಗಿನ ಉದ್ದಕ್ಕೂ ಕೂದಲೆಳೆಯಷ್ಟು ಹಳದಿ, ಆಮೇಲೆ ನೀಲಿ ಗೆರೆ. ಎಚ್‌ಎಸ್‌ಎಸ್ ಸುಮಾರು 550 ಡಿಗ್ರಿಯಲ್ಲಿ ಟೆಂಪರ್ ಆದ ಉಕ್ಕು, ನೀಲಿ ಕಂಡಾಕ್ಷಣ ಮೆತ್ತಗಾಯಿತೆಂದಲ್ಲ. ಆದರೂ ಅಲ್ಲೇ ನಿಲ್ಲಿಸಿ. ಬಿಸಿ ಟೂಲನ್ನು ನೀರಿಗೆ ಅದ್ದಬೇಡಿ, ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ವೀಲ್ ಡ್ರೆಸ್ ಮಾಡಿ (ಕಟ್ಟಿದ ಮೇಲ್ಪದರ ಕೆರೆದು ಹೊಸ ಮುಖ ತೆಗೆಯಿರಿ), ಪಾಸಿಗೆ, ಅಂದರೆ ಒಂದು ಸಲದ ಸವೆತಕ್ಕೆ, 0.01 ಮಿಮೀ ಮಾತ್ರ ಕೊಡಿ. ರಂಧ್ರದ ಹಿಟ್ಟು ಊದಿ ತೆಗೆಯಲು ಬರೀ ಗಾಳಿಯ ಎರಡನೇ ನಾಝಲನ್ನು, ಕೊರೆಯುವ ಜಾಗದಿಂದ ದೂರ, ವೀಲಿನ ಮುಖಕ್ಕೇ ತಿರುಗಿಸಿಡಿ. ಈ ಎರಡನೇ ನಾಝಲ್ ಇಲ್ಲದ ಎಂಕ್ಯೂಎಲ್ ಅರೆಬೆಂದ ಅಡುಗೆ.

ಮಂಜು ಶ್ವಾಸಕ್ಕೆ ಹೋಗದಂತೆ ಫಿಲ್ಟರ್ ಇರುವ ಎಕ್ಸಾಸ್ಟ್ ಬೇಕೇ ಬೇಕು. ಮೂಗಿಗೆ ಕರ್ಚೀಫ್ ಕಟ್ಟಿದರೆ ಆಗದು.

ಕಾರ್ಬೈಡ್ (ಗಡಸು ಪುಡಿಯನ್ನು ಕೋಬಾಲ್ಟ್‌ನಿಂದ ಬೆಸೆದದ್ದು) ಟೂಲಿನ ಆಳವಾದ ಫ್ಲೂಟ್‌ಗೆ, ಅಂದರೆ ಲೋಹದ ಚೂರು ಹೊರಬರುವ ತೋಡಿಗೆ, ಇದನ್ನು ಒಗ್ಗಿಸಲು ಹೋಗಬೇಡಿ. ಅಲ್ಲಿ ಡೈಮಂಡ್ ವೀಲಿಗೆ ಸೋಸಿದ ಎಣ್ಣೆ ಧಾರಾಳ ಹರಿಯಬೇಕು. ನೀರಿನ ಕೂಲಂಟ್ ಕೋಬಾಲ್ಟನ್ನು ಕರಗಿಸಿಕೊಳ್ಳುತ್ತದೆ; ಅಂಥ ಟ್ಯಾಂಕಿನ ಕೆಸರು ಚರಂಡಿಗಲ್ಲ, ಮುಚ್ಚಳದ ಡ್ರಮ್ಮಿಗೆ.